ನಮ್ಮ ಕಡತ ಯಾರ ಮನೆಯಲ್ಲಿದೆ?

ಕೆಲವು ವರ್ಷಗಳ ಹಿಂದೆ ನಾವು ಐದು ಮಂದಿ ಸೇರಿ, ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದ ಮೇಷ್ಟ್ರಿಗೊಂದು ಅಭಿನಂದನ ಗ್ರಂಥ ತರಲು ಹೊರಟೆವು. ಅವರ ಶಿಷ್ಯರಿಗೆ, ಸಹೋದ್ಯೋಗಿಗಳಿಗೆಲ್ಲ ಲೇಖನ ಕೇಳಿ ಪತ್ರ ಹೋಯಿತು. ಮೂರು ತಿಂಗಳಲ್ಲಿ 43 ಲೇಖನಗಳು ಕೈಸೇರಿದವು. ಕೆಲವರು ಕೈಬರಹದ ಹಾಳೆಯನ್ನೋ ಅಚ್ಚಾದ ಪುಟವನ್ನೋ ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿದ್ದರು. ಒಬ್ಬರು ಇಡೀ ಲೇಖನವನ್ನು ಇಮೇಲಿನ ಒಡಲಲ್ಲೇ ಬರೆದಿದ್ದರು. ಹದಿನೆಂಟು ಲೇಖನಗಳು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾದ ವರ್ಡ್ ಫೈಲುಗಳು. ಮೈಸೂರಿನಲ್ಲಿದ್ದ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಲ್ಲ. ಫೈಲು ತೆರೆದರೆ ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಆಮೇಲೊಂದು ಕ್ಯೂ, ಕೊನೆಗೆ ಮತ್ತದೇ ಎ. ಆ ಚಿತ್ತಾರ ನೋಡಿ ಗಾಬರಿಯಾಗದ ಕನ್ನಡ ಸಂಪಾದಕರು ಯಾರೂ ಇರಲಾರರು.

ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿ ಗೂಗಲ್ ಡಾಕ್ಸ್‌ನಲ್ಲಿ ಹಾಕಿಕೊಂಡೆವು. ಫೋಟೊಗಳನ್ನು ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಅಚ್ಚಾದ ಪುಟಗಳು ತಕ್ಕಮಟ್ಟಿಗೆ ಅಕ್ಷರವಾಗಿಯೇ ಬಂದವು. ಕೈಬರಹವನ್ನು ನಾವೇ ಕೂತು ಟೈಪಿಸಿದೆವು. ಅಲ್ಲಿಂದ ಮುಂದಿನದು ನಾನು ಮರೆಯಲಾಗದ ಆರು ವಾರ. ಧಾರವಾಡದವರು ಬೆಳಗಿನ ಜಾವ ತಿದ್ದುತ್ತಿದ್ದರು, ಮೈಸೂರಿನವಳು ಮಗು ಮಲಗಿದ ಮೇಲೆ. ನಾವು ದೀಪ ಆರಿಸುವ ಹೊತ್ತಿಗೆ ನ್ಯೂಜೆರ್ಸಿಯ ಗೆಳೆಯ ಊಟದ ಬಿಡುವಿನಲ್ಲಿ ಅದೇ ಪುಟ ತೆರೆಯುತ್ತಿದ್ದ. ‘ಅಭಿನಂದನ’ವೋ ‘ಅಭಿನಂದನಾ’ವೋ ಎಂಬ ಚರ್ಚೆ ಪುಟದ ಅಂಚಿನಲ್ಲಿ ಎರಡು ದಿನ ನಡೆಯಿತು. ಯಾರ ಬಳಿ ಕೊನೆಯ ಪ್ರತಿ ಇದೆ ಎಂದು ಒಬ್ಬರೂ ಒಮ್ಮೆಯೂ ಕೇಳಲಿಲ್ಲ, ಏಕೆಂದರೆ ಇದ್ದದ್ದು ಒಂದೇ ಪ್ರತಿ.

ಆಮೇಲೆ ಪುಸ್ತಕ ಡಿಟಿಪಿಗೆ ಹೋಯಿತು. ಅಲ್ಲಿನ ಪುಟವಿನ್ಯಾಸದ ತಂತ್ರಾಂಶಕ್ಕೆ ಯೂನಿಕೋಡ್ ಒಗ್ಗದು. ಹಾಗಾಗಿ ಅಷ್ಟೂ ಲೇಖನಗಳನ್ನು ಮತ್ತೆ ಆಸ್ಕಿಗೆ ತಿರುಗಿಸಿದರು. ಹೋಗುತ್ತಾ ಬರುತ್ತಾ ಕೆಲವು ಕಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತು, ಕೆಲವು ಒತ್ತಕ್ಷರಗಳು ಕಾಣೆಯಾದವು. ತಿದ್ದಿ ಮುಗಿಸಿದ್ದ ಗ್ರಂಥದ ಕರಡನ್ನು ಮತ್ತೆರಡು ಸಲ ಓದಬೇಕಾಯಿತು. ಈ ಸಲ ಕಾಗದದ ಮೇಲೆ, ಕೆಂಪು ಪೆನ್ನು ಹಿಡಿದು.

ವೆಬ್‌ನಲ್ಲಿ ನಡೆಯುವ ತಂತ್ರಾಂಶಗಳು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕೂತ ವರ್ಡ್, ಎಕ್ಸೆಲ್, ಪೇಜ್‌ಮೇಕರ್‌ಗಳ ಜಾಗ ಹಿಡಿಯಬಲ್ಲವೇ ಎಂಬ ಪ್ರಶ್ನೆ ಎದುರಾದಾಗಲೆಲ್ಲ ನನಗೆ ಆ ಗ್ರಂಥ ನೆನಪಾಗುತ್ತದೆ. ಬರೆಯುವುದು, ಕೂಡಿ ತಿದ್ದುವುದು, ಹಂಚುವುದು ಇಷ್ಟರಲ್ಲಿ ವೆಬ್ ಗೆದ್ದು ವರ್ಷಗಳೇ ಆದವು. ಲೆಕ್ಕಪತ್ರ ಮತ್ತು ಪುಟವಿನ್ಯಾಸದಲ್ಲಿ ಡೆಸ್ಕ್‌ಟಾಪ್ ಇನ್ನೂ ಜಗ್ಗಿಲ್ಲ. ಆದರೆ ತಂತ್ರಾಂಶ ಎಲ್ಲಿ ಓಡುತ್ತದೆ ಎನ್ನುವುದಕ್ಕಿಂತ ನಾವು ಬರೆದದ್ದು ಯಾವ ರೂಪದಲ್ಲಿ, ಯಾರ ಸುಪರ್ದಿನಲ್ಲಿ ಉಳಿಯುತ್ತದೆ ಎನ್ನುವುದೇ ನನ್ನನ್ನು ಹೆಚ್ಚು ಕಾಡುತ್ತದೆ.

ಮೇಜಿನ ಕಾಲ

ಕಚೇರಿ ಕೆಲಸಕ್ಕೆ ಪರ್ಸನಲ್ ಕಂಪ್ಯೂಟರ್ ಬೇಕು ಎಂದು ಜಗತ್ತಿಗೆ ಮನವರಿಕೆ ಮಾಡಿಸಿದ್ದೇ ಒಂದು ಡೆಸ್ಕ್‌ಟಾಪ್ ತಂತ್ರಾಂಶ. 1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆ್ಯಪಲ್-2 ಯಂತ್ರಕ್ಕಾಗಿ ತಂದ ವಿಸಿಕ್ಯಾಲ್ಕ್‌ನಲ್ಲಿ ಒಂದು ಚೌಕದ ಅಂಕಿ ಬದಲಿಸಿದರೆ ಇಡೀ ಹಾಳೆಯ ಮೊತ್ತ ತಾನಾಗಿ ಬದಲಾಗುತ್ತಿತ್ತು. 1983ರಲ್ಲಿ ವರ್ಡ್, 1985ರಲ್ಲಿ ಎಕ್ಸೆಲ್, 1990ರಲ್ಲಿ ವಿಂಡೋಸ್‌ಗೆ ಆಫೀಸ್ ಕಟ್ಟು ಬಂದವು. ನಮ್ಮಲ್ಲಿ ಕಂಪ್ಯೂಟರ್ ಕಲಿಯುವುದೆಂದರೆ ಇವನ್ನು ಕಲಿಯುವುದು ಎಂಬಂತಾಯಿತು.

ಕನ್ನಡಕ್ಕೆ ಡೆಸ್ಕ್‌ಟಾಪ್ ಮಾಡಿದ ಉಪಕಾರ ದೊಡ್ಡದು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಸರ್ಕಾರಿ ಕಚೇರಿಯಿಂದ ಊರ ಝೆರಾಕ್ಸ್ ಅಂಗಡಿಯ ತನಕ ಹಬ್ಬಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಬೆರಳು ಪಳಗಿಸಿಕೊಂಡ ಒಂದು ತಲೆಮಾರೇ ಇದೆ. ತಾಲ್ಲೂಕು ಕೇಂದ್ರದ ಹುಡುಗಿಯೊಬ್ಬಳು ಪುಟಕ್ಕಿಷ್ಟು ಎಂದು ಟೈಪ್ ಮಾಡಿ ಸಂಸಾರ ತೂಗಿಸಿದ್ದು ಇವುಗಳಿಂದ. ಆಗಿನ ಯಂತ್ರಗಳಿಗೆ ಕನ್ನಡ ಗೊತ್ತಿರಲಿಲ್ಲವಾದ್ದರಿಂದ ಈ ತಂತ್ರಾಂಶಗಳು ರೋಮನ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಕೆಲಸ ನಡೆಸಿದವು. ಫಾಂಟ್ ಇದ್ದಲ್ಲಿ ಕನ್ನಡ, ಇಲ್ಲದಲ್ಲಿ ಪೌಂಡು ಚಿಹ್ನೆ.

ಯೂನಿಕೋಡ್ ತನ್ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿಯನ್ನು ಕೊಟ್ಟಿತ್ತು. ಆದರೆ ಸಾಮಾನ್ಯರ ಯಂತ್ರದಲ್ಲಿ ಅದು ಕಣ್ಣಿಗೆ ಬಿದ್ದದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಫಾಂಟಿನೊಂದಿಗೆ ಬಂದ ಮೇಲೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕನ್ನಡಿಗರು ಬ್ರೌಸರಿನಲ್ಲಿ ಬರೆಯುವಂತಾದದ್ದಕ್ಕೆ ಗೂಗಲ್ಲನ್ನೋ ಮೈಕ್ರೊಸಾಫ್ಟನ್ನೋ ನೆನೆಯುವ ಮೊದಲು ಯೂನಿಕೋಡನ್ನು ನೆನೆಯಬೇಕು. ಅದಿಲ್ಲದೆ ಹೋಗಿದ್ದರೆ ವೆಬ್ ತಂತ್ರಾಂಶಗಳು ಇಂಗ್ಲಿಷಿನವರ ಸೌಕರ್ಯವಾಗಿ ಉಳಿಯುತ್ತಿದ್ದವು.

ವೆಬ್ ಕಡೆಯ ಕತೆ ಚಿಕ್ಕದು. ಪುಟವನ್ನು ಮತ್ತೆ ಲೋಡ್ ಮಾಡದೆ ಬ್ರೌಸರು ಸರ್ವರಿನೊಡನೆ ಸದ್ದಿಲ್ಲದೆ ಮಾತಾಡುವ ತಂತ್ರ 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಬಂತು. ಅದನ್ನು ರೂಪಿಸಿದ್ದು ವರ್ಡ್, ಎಕ್ಸೆಲ್‌ಗಳ ಒಡೆಯ ಮೈಕ್ರೊಸಾಫ್ಟೇ, ತನ್ನ ಔಟ್‌ಲುಕ್ ಇಮೇಲನ್ನು ಬ್ರೌಸರಿನಲ್ಲಿ ತೋರಿಸಲು. 2004ರ ಏಪ್ರಿಲ್ 1ಕ್ಕೆ ಬಂದ ಜಿಮೇಲ್ ಆ ತಂತ್ರದ ತಾಕತ್ತನ್ನು ಜನರಿಗೆ ತೋರಿಸಿತು. 2005ರಲ್ಲಿ ಮೂವರು ಸೇರಿ ರೈಟ್ಲಿ ಎಂಬ ಬ್ರೌಸರಿನ ಬರವಣಿಗೆ ಹಾಳೆ ಮಾಡಿದರು. ಮರುವರ್ಷದ ಮಾರ್ಚಿನಲ್ಲಿ ಗೂಗಲ್ ಅದನ್ನು ಕೊಂಡಿತು. ಅದೇ ಇಂದಿನ ಗೂಗಲ್ ಡಾಕ್ಸ್. ಚೆನ್ನೈಯ ಜೋಹೋ ಕೂಡ 2005ರಲ್ಲೇ ತನ್ನ ರೈಟರ್ ಜೊತೆ ಕಣಕ್ಕಿಳಿದಿತ್ತು. 2011ರಲ್ಲಿ ಮೈಕ್ರೊಸಾಫ್ಟ್ ಆಫೀಸ್ 365 ತಂದಾಗ ಎರಡು ಬಣಗಳ ನಡುವಿನ ಗೋಡೆ ಅರ್ಧ ಬಿದ್ದಿತ್ತು.

ಆರು ಸಂಕೇತದ ಒಂದು ಅಕ್ಷರ

ಒಂದೇ ಹಾಳೆಯನ್ನು ನಾಲ್ವರು ಒಟ್ಟಿಗೆ ತಿದ್ದಿದರೂ ಕಲಸುಮೇಲೋಗರ ಆಗುವುದಿಲ್ಲ ಏಕೆ? ನಮ್ಮ ಗ್ರಂಥದ ಕೆಲಸ ನಡೆಯುವಾಗ ಈ ಪ್ರಶ್ನೆ ನನ್ನನ್ನು ಬಹಳ ಸೆಳೆಯಿತು. ಕನಸು ಹಳೆಯದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ವೇದಿಕೆಯಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಎಂಬ ಎಂಜಿನಿಯರು ಸುಮಾರು 50 ಕಿಲೋಮೀಟರು ಆಚೆ ಮೆನ್ಲೋ ಪಾರ್ಕಿನಲ್ಲಿ ಕುಳಿತ ಸಹೋದ್ಯೋಗಿಯೊಂದಿಗೆ ಒಂದೇ ಪರದೆಯ ಮೇಲೆ ಕೆಲಸ ಮಾಡಿ ತೋರಿಸಿದ್ದರು. ಆದರೆ ಇಬ್ಬರೂ ಏಕಕಾಲಕ್ಕೆ ಕೈಯಿಟ್ಟಾಗ ಯಾರ ತಿದ್ದುಪಡಿ ಎಲ್ಲಿ ಕೂರಬೇಕು ಎಂಬುದಕ್ಕೆ ಗಟ್ಟಿ ಉತ್ತರ ಬಂದದ್ದು 1989ರಲ್ಲಿ, ಎಲ್ಲಿಸ್ ಮತ್ತು ಗಿಬ್ಸ್ ಎಂಬ ಸಂಶೋಧಕರ ಪ್ರಬಂಧದಲ್ಲಿ.

ಅದರ ತಿರುಳು ಇಷ್ಟು. ನೀವು ಸಾಲಿನ 10ನೇ ಜಾಗದಲ್ಲಿ ಐದು ಸಂಕೇತಗಳ ಒಂದು ಪದ ಸೇರಿಸುತ್ತೀರಿ. ಅದೇ ಗಳಿಗೆಯಲ್ಲಿ ಧಾರವಾಡದವರು 25ನೇ ಜಾಗದ ಸಂಕೇತವೊಂದನ್ನು ಅಳಿಸುತ್ತಾರೆ. ಅವರ 25 ಈಗ 30 ಆಗಿದೆ. ಸರ್ವರು ಈ ಸರಿತವನ್ನು ಲೆಕ್ಕಹಾಕಿ, ಅವರು ಅಳಿಸಬೇಕೆಂದದ್ದನ್ನೇ ಅಳಿಸುತ್ತದೆ. ಅಂದರೆ ತಂತಿಯ ಮೇಲೆ ಹೋಗುವುದು ಇಡೀ ಲೇಖನವಲ್ಲ, ‘ಇಲ್ಲಿ ಇದನ್ನು ಸೇರಿಸು, ಅಲ್ಲಿ ಅದನ್ನು ತೆಗೆ’ ಎಂಬ ಪುಟ್ಟ ಆಜ್ಞೆಗಳ ಸಾಲು. ಆ ಸಾಲು ಹಾಗೇ ಉಳಿಯುವುದರಿಂದಲೇ ಮೊನ್ನೆಯ ಪ್ರತಿಗೆ ಹಿಂತಿರುಗಲು ಸಾಧ್ಯವಾಗುವುದು.

ಕನ್ನಡದಲ್ಲಿ ಈ ‘ಜಾಗ’ದ ಲೆಕ್ಕ ಸೂಕ್ಷ್ಮವಾದದ್ದು. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ, ಕಿವಿಗೆ, ಛಂದಸ್ಸಿಗೆ ಒಂದು ಅಕ್ಷರ. ಯಂತ್ರಕ್ಕೆ ಅದು ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ ಎಂದು ಆರು ಸಂಕೇತ. ನಾನು ಬ್ಯಾಕ್‌ಸ್ಪೇಸ್ ಒತ್ತಿದರೆ ಈಕಾರವಷ್ಟೇ ಹೋಗಬೇಕೋ ಇಡೀ ಅಕ್ಷರ ಹೋಗಬೇಕೋ? ‘ಸೂರ್ಯ’ದಲ್ಲಿ ಬಾಯಿ ಮೊದಲು ರಕಾರವನ್ನು ಉಚ್ಚರಿಸುತ್ತದೆ, ಕಣ್ಣು ಅದನ್ನು ಯಕಾರದ ಆಚೆ ಕಾಣುತ್ತದೆ. ಆಸ್ಕಿ ಫಾಂಟುಗಳು ಕಣ್ಣಿಗೆ ಕಂಡ ಚೂರುಗಳನ್ನು ಕಂಡ ಕ್ರಮದಲ್ಲಿ ಕೂಡಿಟ್ಟರೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಕೂಡಿಡುತ್ತದೆ. ನಮ್ಮ ಗ್ರಂಥದಲ್ಲಿ ಅರ್ಕಾವತ್ತು ಹಾರಿದ್ದು ಈ ಎರಡು ಕ್ರಮಗಳ ನಡುವಿನ ಕಂದಕದಲ್ಲಿ.

ಸಂಕೇತಗಳನ್ನು ಒತ್ತಕ್ಷರವಾಗಿ ಹೆಣೆಯುವ ಕೆಲಸವನ್ನು ಇಂದು ಬಹುಪಾಲು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಫೋನು, ಡೆಸ್ಕ್‌ಟಾಪಿನ ಲಿಬ್ರೆಆಫೀಸ್ ಎಲ್ಲದರ ಹೊಟ್ಟೆಯಲ್ಲೂ ಅದೇ ಇದೆ. ಬ್ರೌಸರಿನಲ್ಲಿ ಕನ್ನಡ ಒಡೆಯುತ್ತದೆ ಎಂಬ ಹಳೆಯ ದೂರು ಈಗ ಸಲ್ಲದು. ಎರಡೂ ಕಡೆ ಮೂಡುವುದು ಒಂದೇ ಕೈಯ ಅಕ್ಷರ.

ಎಕ್ಸೆಲ್ ಬಿಡಲಾಗದವರು

ಹಾಗಾದರೆ ಡೆಸ್ಕ್‌ಟಾಪ್ ಎಲ್ಲಿ ಬೇರು ಬಿಟ್ಟಿದೆ? ಯಾವುದಾದರೂ ಲೆಕ್ಕಪರಿಶೋಧಕರ ಕಚೇರಿಗೆ ಹೋಗಿ ನೋಡಿ. ಶ್ಯಾಮಸುಂದರ್ ಗೋಯಂಕಾ ಮತ್ತು ಅವರ ಮಗ ಭರತ್ ಗೋಯಂಕಾ 1986ರಲ್ಲಿ ಶುರುಮಾಡಿದ ಬೆಂಗಳೂರಿನ ಟ್ಯಾಲಿ ಇವತ್ತಿಗೂ ಮೂಲತಃ ಕಂಪ್ಯೂಟರಿನಲ್ಲಿ ಸ್ಥಾಪಿಸಿ ಬಳಸುವ ತಂತ್ರಾಂಶ. ಮೌಸ್ ಮುಟ್ಟದೆ ಬರೀ ಕೀಲಿಗಳಲ್ಲೇ ವೋಚರು ಹೊಡೆಯುವ ಗುಮಾಸ್ತರ ಬೆರಳಿನ ವೇಗ ನೋಡಿದವರಿಗೆ, ಪ್ರತಿ ನಮೂದಿಗೂ ಸರ್ವರಿನ ಉತ್ತರ ಕಾಯುವ ವೆಬ್ ಪುಟ ಅಲ್ಲಿ ಏಕೆ ಸೋಲುತ್ತದೆಂದು ಹೇಳಬೇಕಾಗಿಲ್ಲ.

ಇನ್ನೂ ಗಮನಿಸಬೇಕಾದ ಸಂಗತಿ ಇದೆ. ಆದಾಯ ತೆರಿಗೆ ಇಲಾಖೆಯದು ವೆಬ್ ಪೋರ್ಟಲ್. 2017ರ ಜುಲೈ 1ರಿಂದ ಬಂದ ಜಿಎಸ್‌ಟಿಯೂ ಹುಟ್ಟಿನಿಂದಲೇ ವೆಬ್ ವ್ಯವಸ್ಥೆ. ಆದರೂ ಎರಡೂ ಕಡೆ ರಿಟರ್ನ್ ತಯಾರಿಸಲು ಇಲಾಖೆಗಳೇ ಎಕ್ಸೆಲ್ ಫೈಲುಗಳನ್ನು ಕೊಡುತ್ತವೆ. ಡೌನ್‌ಲೋಡ್ ಮಾಡಿಕೊಂಡು, ಮ್ಯಾಕ್ರೋ ಚಾಲೂ ಮಾಡಿ, ತುಂಬಿ, ತಾಳೆ ನೋಡಿ, ಮತ್ತೆ ಏರಿಸಬೇಕು. ಆ ಮ್ಯಾಕ್ರೋಗಳ ಭಾಷೆ 1993ರಿಂದ ಎಕ್ಸೆಲ್‌ನೊಳಗಿರುವ ವಿಷುವಲ್ ಬೇಸಿಕ್. ಗೂಗಲ್ ಶೀಟ್ಸ್‌ನಲ್ಲಿ ಅದು ಓಡದು, ಅದರ ಭಾಷೆಯೇ ಬೇರೆ. ಮೈಕ್ರೊಸಾಫ್ಟಿನದೇ ವೆಬ್ ಎಕ್ಸೆಲ್‌ನಲ್ಲೂ ಓಡದು. ಹೀಗಾಗಿ ವೆಬ್‌ಗೆ ಹೋಗಲು ಮನಸ್ಸಿದ್ದ ಲೆಕ್ಕಪರಿಶೋಧಕರನ್ನು ಸರ್ಕಾರದ ನಮೂನೆಯೇ ಮೇಜಿಗೆ ಕಟ್ಟಿಹಾಕಿದೆ. ಒಬ್ಬ ನಾಗರಿಕ ತನ್ನ ತೆರಿಗೆ ಕಟ್ಟಲು ಯಾವುದೇ ಒಂದು ಕಂಪನಿಯ ತಂತ್ರಾಂಶ ಬೇಕಾಗುವಂತಿರಬಾರದು. ಇಲಾಖೆಗಳು ಇದನ್ನು ಸರಿಪಡಿಸಬೇಕು.

ಗಾತ್ರದ ಮಾತೂ ಇದೆ. ಎಕ್ಸೆಲ್ ಹಾಳೆಗೆ 10,48,576 ಸಾಲು, 16,384 ಕಂಬಸಾಲು. ಗೂಗಲ್ ಶೀಟ್ಸ್ ಇಡೀ ಕಡತಕ್ಕೆ ಒಂದು ಕೋಟಿ ಚೌಕಗಳನ್ನು ಕೊಡುತ್ತದೆ, ಮನೆಯ ಲೆಕ್ಕಕ್ಕೆ ಧಾರಾಳ, ದೊಡ್ಡ ಗೋದಾಮಿನ ಲೆಕ್ಕಕ್ಕೆ ಇಕ್ಕಟ್ಟು. ಮೇಜಿನ ಫೈಲು ಎಂದರೆ ಭದ್ರ ಎಂದೇನೂ ಇಲ್ಲ. 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಆರೋಗ್ಯ ಸಂಸ್ಥೆ 15,841 ಕೋವಿಡ್ ಸೋಂಕಿತರನ್ನು ವರದಿಯಿಂದ ಕಳೆದುಕೊಂಡಿತು. ಕಾರಣ, ಯಾರೋ ಬಳಸಿದ ಹಳೆಯ ಎಕ್ಸೆಲ್ ರೂಪದಲ್ಲಿ 65,536 ಸಾಲುಗಳಾಚೆ ಏನೂ ಹಿಡಿಸುತ್ತಿರಲಿಲ್ಲ.

ಪುಸ್ತಕೋದ್ಯಮ ಇನ್ನೊಂದು ಕೋಟೆ. ಪೇಜ್‌ಮೇಕರಿನ ಅಭಿವೃದ್ಧಿಯನ್ನು ಅಡೋಬಿ 2004ರಲ್ಲೇ ನಿಲ್ಲಿಸಿತು. ಆದರೂ ಅದರಲ್ಲೇ ಪುಟ ಕಟ್ಟುವವರು ನಮ್ಮ ನಡುವೆ ಇದ್ದಾರೆ. ಅದು ಮೊಂಡುತನವೆಂದು ನಾನು ಎಣಿಸುವುದಿಲ್ಲ. ಕವನದ ಸಾಲು ಎಲ್ಲಿ ಮುರಿಯಬೇಕು, ಅಡಿಟಿಪ್ಪಣಿ ಪುಟದಲ್ಲಿ ಎಷ್ಟು ಕೆಳಗಿರಬೇಕು, ಶೀರ್ಷಿಕೆಯ ಒತ್ತಕ್ಷರ ಕೆಳಸಾಲನ್ನು ತಾಗದಂತೆ ಎಷ್ಟು ಅಂತರ ಬೇಕು ಎಂಬುದನ್ನೆಲ್ಲ ಕೂದಲೆಳೆಯಷ್ಟು ನಿಖರವಾಗಿ ಹೊಂದಿಸುವ ಕಸುಬು ಅದು. ಬ್ರೌಸರಿನ ಬರವಣಿಗೆ ಹಾಳೆಗಳು ಆ ಹಿಡಿತ ಕೊಡುವುದಿಲ್ಲ. ಗೂಗಲ್ ಡಾಕ್ಸ್‌ನಲ್ಲಿ ಕಂಪನಿ ಇಟ್ಟ ಫಾಂಟುಗಳನ್ನೇ ಬಳಸಬೇಕು. ನೋಟೋ ಇದೆ, ತಿರೋ ಕನ್ನಡ ಇದೆ, ಹುಬ್ಬಳ್ಳಿ ಹೆಸರಿನದೊಂದು ಇದೆ, ಬಾಲೂ ತಮ್ಮ ಇದೆ. ನಾನು ದುಡ್ಡು ಕೊಟ್ಟು ತಂದ, ಇಲ್ಲವೇ ಗೆಳೆಯರೊಬ್ಬರು ವರ್ಷಗಟ್ಟಲೆ ಕೂತು ಬರೆದ ಫಾಂಟನ್ನು ಅಲ್ಲಿ ಸೇರಿಸುವಂತಿಲ್ಲ. ಡೆಸ್ಕ್‌ಟಾಪಿನಲ್ಲಾದರೆ ಎರಡು ಕ್ಲಿಕ್. ಹೀಗಿದ್ದೂ ಕನ್ನಡ ಮುದ್ರಣ ಆಸ್ಕಿಯನ್ನು ಬಿಡಲೇಬೇಕು. ಇನ್‌ಡಿಸೈನ್, ಲಿಬ್ರೆಆಫೀಸ್, ಸ್ಕ್ರೈಬಸ್‌ಗಳು ಯೂನಿಕೋಡ್ ಕನ್ನಡವನ್ನು ನೇರ ಅಚ್ಚಿಗೆ ಒಯ್ಯಬಲ್ಲವು. ಬರಹಗಾರ ಯೂನಿಕೋಡಿನಲ್ಲಿ ಕೊಟ್ಟದ್ದನ್ನು ಆಸ್ಕಿಗೆ ತಿರುಗಿಸಿ ಕೆಡಿಸುವುದಕ್ಕೆ ಇನ್ನು ನೆಪ ಉಳಿದಿಲ್ಲ.

ಮಳೆಗಾಲದ ಸಂಘ

ಮಲೆನಾಡಿನ ಸಹಕಾರ ಸಂಘವೊಂದರ ಕಾರ್ಯದರ್ಶಿ ನನಗೆ ಬಹುಕಾಲದ ಪರಿಚಯ. ಜುಲೈ ತಿಂಗಳಲ್ಲಿ ಅವರ ಊರಿನಲ್ಲಿ ಮೊದಲು ಮರ ಬೀಳುತ್ತದೆ, ಆಮೇಲೆ ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದ ಮೇಲೆ ಫೋನೂ ಸಾಯುತ್ತದೆ. ಹಿಂದೆ ಅವರು ಲೆಕ್ಕವನ್ನು ಸಂಘದ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಯುಪಿಎಸ್ ಇರುವಷ್ಟು ಹೊತ್ತು ಸದಸ್ಯರಿಗೆ ಸಾಲದ ಬಾಕಿ ಹೇಳಬಹುದಿತ್ತು. ಕೇಂದ್ರ ಸರ್ಕಾರ 2022ರಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಕ್ಲೌಡ್ ತಂತ್ರಾಂಶದಡಿ ತರುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯೋಜನೆಯ ಉದ್ದೇಶ ಒಳ್ಳೆಯದೇ. ಲೆಕ್ಕದ ಪುಸ್ತಕ ತಿದ್ದಿ ರೈತರ ಹಣ ನುಂಗುವವರ ಕೈ ಕಟ್ಟಲು ಕೇಂದ್ರೀಕೃತ ವ್ಯವಸ್ಥೆ ನೆರವಾಗುತ್ತದೆ. ಆದರೆ ಮಳೆಯಲ್ಲಿ ಮೂರು ಮೈಲಿ ನಡೆದು ಬಂದ ರೈತನಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎನ್ನುವುದು ಲೆಕ್ಕದಲ್ಲಿ ಎಲ್ಲೂ ಬರೆದಿಡದ ನಷ್ಟ.

ದೊಡ್ಡ ಊರುಗಳೂ ಇದಕ್ಕೆ ಹೊರತಲ್ಲ. ರಾಜ್ಯದ ಆಸ್ತಿ ನೋಂದಣಿಯ ಕಾವೇರಿ 2.0 ವೆಬ್ ವ್ಯವಸ್ಥೆಯ ಮೇಲೆ 2025ರ ಆರಂಭದಲ್ಲಿ ಸೈಬರ್ ದಾಳಿ ನಡೆದಾಗ ಉಪ ನೋಂದಣಾಧಿಕಾರಿ ಕಚೇರಿಗಳಲ್ಲಿ ಕೆಲಸ ನಿಂತು ಜನ ಸಾಲುಗಟ್ಟಿ ಕಾದರು. 2020ರ ಡಿಸೆಂಬರ್ 14ರಂದು ಗೂಗಲ್ಲಿನ ಗುರುತು ಪರಿಶೀಲಿಸುವ ವ್ಯವಸ್ಥೆ ಕೆಟ್ಟು, ಮುಕ್ಕಾಲು ಗಂಟೆ ಜಗತ್ತಿನ ಬಹುಪಾಲು ಬಳಕೆದಾರರಿಗೆ ಜಿಮೇಲ್, ಡಾಕ್ಸ್ ತೆರೆಯಲಿಲ್ಲ. ಒಬ್ಬರ ಹಾರ್ಡ್ ಡಿಸ್ಕ್ ಕೆಟ್ಟರೆ ಒಬ್ಬರ ಕೆಲಸ ಕೆಡುತ್ತದೆ, ಸರ್ವರು ನಿಂತರೆ ಊರೇ ನಿಲ್ಲುತ್ತದೆ.

ಸಂಪರ್ಕವಿಲ್ಲದಾಗಲೂ ಬರೆಯುವ ಸೌಲಭ್ಯವನ್ನು ವೆಬ್ ತಂತ್ರಾಂಶಗಳು ಕೊಡಲು ಯತ್ನಿಸುತ್ತಲೇ ಬಂದಿವೆ. ಗೂಗಲ್ 2007ರಲ್ಲಿ ಗೇರ್ಸ್ ಎಂದು ಒಂದು ತಂದಿತು, ಕೆಲವು ವರ್ಷಗಳಲ್ಲಿ ಕೈಬಿಟ್ಟಿತು, 2012ರಲ್ಲಿ ಡಾಕ್ಸ್‌ನಲ್ಲಿ ಬೇರೆ ರೂಪದಲ್ಲಿ ಮರಳಿ ತಂದಿತು. ಈಗ ಅದು ಕೆಲಸ ಮಾಡುತ್ತದೆ. ಷರತ್ತು ಒಂದೇ: ನೆಟ್ ಇದ್ದಾಗಲೇ ಅದನ್ನು ಆನ್ ಮಾಡಿಟ್ಟಿರಬೇಕು. ಮರ ಬಿದ್ದ ಮೇಲೆ ಹುಡುಕಿದರೆ ಸಿಗದು.

ಬೀಗದ ಕೈ

ಈಗ ನನ್ನನ್ನು ಕಾಡುವ ಭಾಗಕ್ಕೆ ಬರುತ್ತೇನೆ.

2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ಗುಜರಾತಿನ ವಾಡಿನಾರ್ ತೈಲ ಸಂಸ್ಕರಣಾಗಾರದ ಒಡೆತನವಿರುವ ನಯಾರಾ ಎನರ್ಜಿಯ ಮೇಲೆ ನಿರ್ಬಂಧ ಹೇರಿತು. ಅದರಲ್ಲಿ ರಷ್ಯಾದ ರಾಸ್‌ನೆಫ್ಟ್ ಪಾಲುದಾರ ಎಂಬುದು ಕಾರಣ. ಕೆಲವೇ ದಿನಗಳಲ್ಲಿ ಮೈಕ್ರೊಸಾಫ್ಟ್ ಆ ಕಂಪನಿಗೆ ತನ್ನ ಸೇವೆಗಳನ್ನು ನಿಲ್ಲಿಸಿತು. ಭಾರತದ ನೆಲದಲ್ಲಿ, ಭಾರತದ ಕಾನೂನಿನಡಿ, ಹಣ ಕೊಟ್ಟು ಪಡೆದ ಸೇವೆ. ನೌಕರರಿಗೆ ತಮ್ಮದೇ ಇಮೇಲ್ ತೆರೆಯಲಾಗಲಿಲ್ಲ. ನಯಾರಾ ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿತು, ಸೇವೆ ಮರಳಿತು. 2019ರಲ್ಲಿ ಅಮೆರಿಕದ ಅಧ್ಯಕ್ಷರ ಆದೇಶವೊಂದನ್ನು ಮುಂದಿಟ್ಟು ಅಡೋಬಿ ವೆನೆಜುವೆಲಾದ ಅಷ್ಟೂ ಬಳಕೆದಾರರ ಖಾತೆಗಳನ್ನು ಮುಚ್ಚುವುದಾಗಿ ಹೇಳಿತ್ತು, ಆಮೇಲೆ ಅನುಮತಿ ಪಡೆದು ಹಿಂತೆಗೆದುಕೊಂಡಿತು. 2017ರ ಅಕ್ಟೋಬರ್ 31ರಂದು ತಂತ್ರಾಂಶದ ದೋಷದಿಂದ ಗೂಗಲ್ ಡಾಕ್ಸ್ ಕೆಲವರ ನಿರಪರಾಧಿ ಬರಹಗಳನ್ನು ನಿಯಮ ಮೀರಿದವೆಂದು ಗುರುತಿಸಿ ಅವರಿಗೇ ಬಾಗಿಲು ಹಾಕಿತ್ತು. ಮೂರೂ ಕಡೆ ಕೊನೆಗೆ ಎಲ್ಲ ಸರಿಹೋಯಿತು, ನಿಜ. ಆದರೆ ನಮ್ಮ ಕಡತದ ಬೀಗದ ಕೈ ಬೇರೊಬ್ಬರ ಸೊಂಟದಲ್ಲಿದೆ ಎಂದು ಮೂರೂ ಕಡೆ ತಿಳಿದುಬಂತು.

ಇದು ಕಂಪನಿಗಳ ಮಟ್ಟದ ಮಾತಾಯಿತು. ನನಗೆ ಹತ್ತಿರದ್ದು ಬೇರೆ. ಬರಹಗಾರರಾಗಿದ್ದ ನನ್ನ ಹಿರಿಯ ಸ್ನೇಹಿತರೊಬ್ಬರು ಹಠಾತ್ತನೆ ತೀರಿಕೊಂಡರು. ಅರ್ಧವಾದ ಒಂದು ಕಾದಂಬರಿ ಅವರ ಆನ್‌ಲೈನ್ ಖಾತೆಯಲ್ಲಿತ್ತು. ಪಾಸ್‌ವರ್ಡ್ ಅವರೊಂದಿಗೇ ಹೋಯಿತು. ಅವರ ಪತ್ನಿ ಆ ಸಂಸ್ಥೆಗೆ ಮರಣ ಪ್ರಮಾಣಪತ್ರ ಕಳಿಸಿದರು, ಅದರ ಇಂಗ್ಲಿಷ್ ಅನುವಾದ ಕಳಿಸಿದರು, ತಿಂಗಳುಗಟ್ಟಲೆ ಕಾದರು. ಒಂದು ಸಾಲೂ ಸಿಗಲಿಲ್ಲ. ಹಿಂದಿನ ತಲೆಮಾರಿನ ಲೇಖಕರ ಹಸ್ತಪ್ರತಿಗಳು ಅಟ್ಟದ ಟ್ರಂಕಿನಲ್ಲಿ ಗೆದ್ದಲು ಹಿಡಿದಾದರೂ ಅರ್ಧಂಬರ್ಧ ಸಿಗುತ್ತಿದ್ದವು. ಇಲ್ಲಿ ಟ್ರಂಕೇ ಇಲ್ಲ. ಆ ಕಾದಂಬರಿ ಎಲ್ಲೋ ಒಂದು ಸರ್ವರಿನಲ್ಲಿ ಅಕ್ಷರ ಕೆಡದೆ ಇರಬಹುದು. ಅದನ್ನು ಓದಬೇಕಾದವರಿಗೆ ಮಾತ್ರ ದಕ್ಕಲಿಲ್ಲ.

ಹಾಗಂತ ಡೆಸ್ಕ್‌ಟಾಪ್ ಉಳಿಸಿಕೊಟ್ಟಿತೇ? ನನ್ನ ಬೀರುವಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಫ್ಲಾಪಿಗಳಿವೆ. ಓದುವ ಯಂತ್ರವಿಲ್ಲ. ಒಂದೆರಡನ್ನು ಓದಿಸಿದಾಗ ಸಿಕ್ಕಿದ್ದು ಹೆಸರೇ ಮರೆತ ಫಾಂಟಿನ ಸಂಕೇತಗಳು. ಕಡತ ಮನೆಯಲ್ಲಿದ್ದರೂ ರೂಪ ಸತ್ತಿದ್ದರೆ ಅದೂ ಕಳೆದಂತೆಯೇ. ಆದ್ದರಿಂದಲೇ ಬರಹದ ರೂಪ ಮುಕ್ತವಾಗಿರಬೇಕು ಎಂದು ಹಟ ಹಿಡಿಯುತ್ತೇನೆ. ಒಡಿಎಫ್ ಎಂಬ ಮುಕ್ತ ಕಡತ ರೂಪ 2006ರಲ್ಲೇ ಅಂತಾರಾಷ್ಟ್ರೀಯ ಮಾನಕವಾಗಿದೆ. ಅದರ ಒಳರಚನೆ ಬಹಿರಂಗ. ಇಂದಿನ ಎಲ್ಲ ಕಂಪನಿಗಳು ಮುಚ್ಚಿದರೂ ನಾಳೆ ಯಾರಾದರೂ ಅದನ್ನು ಓದುವ ತಂತ್ರಾಂಶ ಬರೆಯಬಹುದು.

ಜಗತ್ತು ಈ ದಿಕ್ಕಿನಲ್ಲಿ ಹೆಜ್ಜೆ ಹಾಕುತ್ತಿದೆ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರ ಏಪ್ರಿಲ್‌ನಲ್ಲಿ ತನ್ನ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳನ್ನು ಲಿಬ್ರೆಆಫೀಸ್‌ಗೆ ಬದಲಿಸಲು ನಿರ್ಧರಿಸಿತು. ಅದೇ ದೇಶದ ಮ್ಯೂನಿಕ್ ನಗರ ಇಂಥದೇ ದಾರಿ ಹಿಡಿದು 2017ರಲ್ಲಿ ಹಿಂದೆ ಸರಿದದ್ದೂ ನೆನಪಿರಲಿ. ಈ ದಾರಿ ಸಲೀಸಲ್ಲ. ನಮ್ಮಲ್ಲಿ ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್ ಜೋಹೋ ವೇದಿಕೆಗೆ ಬಂದಿದೆ. 2025ರ ಅಕ್ಟೋಬರಿನಲ್ಲಿ ಶಿಕ್ಷಣ ಸಚಿವಾಲಯ ತನ್ನ ಸಿಬ್ಬಂದಿಗೆ ಜೋಹೋದ ವೆಬ್ ಆಫೀಸ್ ಬಳಸಲು ಸೂಚಿಸಿತು. ತೆಂಕಾಶಿಯ ಹಳ್ಳಿಯೊಂದರಲ್ಲೂ ಕಚೇರಿಯಿಟ್ಟು ಬೆಳೆದ ಕಂಪನಿಯ ಬಗ್ಗೆ ನನಗೆ ಗೌರವವಿದೆ. ಆದರೆ ಬೀಗದ ಕೈ ಅಮೆರಿಕದಿಂದ ತಮಿಳುನಾಡಿಗೆ ಬಂದ ಮಾತ್ರಕ್ಕೆ ಅದು ನನ್ನ ಕೈಗೆ ಬಂದಂತಾಗುವುದಿಲ್ಲ. ಲಿಬ್ರೆಆಫೀಸನ್ನೇ ಬ್ರೌಸರಿನಲ್ಲಿ ಓಡಿಸುವ ಕೊಲಾಬೊರಾದಂಥ ಮುಕ್ತ ವ್ಯವಸ್ಥೆಗಳಿವೆ. ನಮ್ಮ ವಿಶ್ವವಿದ್ಯಾಲಯವೊಂದು, ಸಾಹಿತ್ಯ ಅಕಾಡೆಮಿಯೊಂದು ಅದನ್ನು ತನ್ನದೇ ಸರ್ವರಿನಲ್ಲಿ ಇಟ್ಟುಕೊಂಡು ಕನ್ನಡದ ಲೇಖಕರಿಗೆ ತೆರೆದರೆ, ಕೂಡಿ ಬರೆಯುವ ಸುಖವೂ ಉಳಿಯುತ್ತದೆ, ಕಡತವೂ ಕನ್ನಡ ನಾಡಿನಲ್ಲೇ ಇರುತ್ತದೆ. ಇದನ್ನು ಯಾರಾದರೂ ಕೈಗೆತ್ತಿಕೊಳ್ಳಲಿ ಎಂದು ಕಳಕಳಿಯಿಂದ ಕೇಳುತ್ತೇನೆ.

ನಾನಂತೂ ಬ್ರೌಸರಿನಲ್ಲಿ ಬರೆಯುವುದನ್ನು ಬಿಡುವುದಿಲ್ಲ. ಈ ಲೇಖನದ ಮೊದಲ ಕರಡೂ ಅಲ್ಲಿಯದೇ. ಆ ಹಿರಿಯ ಸ್ನೇಹಿತರ ಕಾದಂಬರಿ ನನಗೆ ಕಲಿಸಿದ್ದನ್ನು ಮಾತ್ರ ತಪ್ಪದೆ ಪಾಲಿಸುತ್ತೇನೆ: ತಿಂಗಳಿಗೊಮ್ಮೆ ಎಲ್ಲವನ್ನೂ ಇಳಿಸಿಕೊಂಡು ಇಡುತ್ತೇನೆ. ಗೂಗಲ್ ಬಳಸುವವರಿಗೆ ಟೇಕ್‌ಔಟ್ ಎಂಬ ಸೌಲಭ್ಯವಿದೆ. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸಬಹುದೆಂಬ ನಿಯಮವೂ ಇದೆ, ನಾವಿಲ್ಲವಾದರೆ ಖಾತೆ ಯಾರಿಗೆ ತೆರೆಯಬೇಕೆಂದು ಮೊದಲೇ ಬರೆದಿಡುವ ಏರ್ಪಾಡೂ ಇದೆ. ಈ ಭಾನುವಾರ ಮಧ್ಯಾಹ್ನ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ನೀವು ಬರೆದದ್ದರ ಒಂದು ಪ್ರತಿ ಯೂನಿಕೋಡಿನಲ್ಲಿ, ಮುಕ್ತ ರೂಪದಲ್ಲಿ, ನಿಮ್ಮ ಮನೆಯಲ್ಲೇ ಇರಲಿ. ಅದು ಎಲ್ಲಿದೆ, ಹೇಗೆ ತೆರೆಯಬೇಕು ಎಂಬುದು ಮನೆಯ ಇನ್ನೊಬ್ಬರಿಗೆ ತಿಳಿದಿರಲಿ.